ಅಗ್ಗದ ಟ್ರೈಕ್ ಕೊನೆಗೂ ನೇರ ಓಡಿತು: ನನ್ನ ಅನುಭವ

ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಮೂರು ಚಕ್ರದ ಸೈಕಲ್ಲೇ ರಿಕಂಬೆಂಟ್ ಟ್ರೈಕ್. "ಈ ದುಡ್ಡಿಗೆ ಬರೋ ರಿಕಂಬೆಂಟ್ ಟ್ರೈಕ್ ಎರಡೇ ತಿಂಗಳಲ್ಲಿ ಮೂಲೆ ಸೇರುತ್ತೆ" ಅಂತ ಜೊತೆಯಲ್ಲಿ ಸೈಕಲ್ ತುಳಿಯುವವರೆಲ್ಲ ಹೇಳಿದ್ದರು. ಈಗ 14 ತಿಂಗಳಾಯಿತು, ಅಂದಾಜು 3,000 ಕಿ.ಮೀ. ಓಡಿಸಿದ್ದೇನೆ. ಸಮತಟ್ಟು ರಸ್ತೆಯಲ್ಲಿ ಹಿಡಿ ಸಡಿಲ ಬಿಟ್ಟರೂ ಗೆರೆ ಎಳೆದ ಹಾಗೆ ಹೋಗುತ್ತದೆ.

ಕೊಳ್ಳುವ ಮೊದಲು ಡೆಲ್ಟಾವನ್ನೂ (ಮುಂದೆ ಒಂದು, ಹಿಂದೆ ಎರಡು ಚಕ್ರ) ಓಡಿಸಿ ನೋಡಿದ್ದೆ. ಹತ್ತಿ ಇಳಿಯಲು ಸುಲಭ, ಆದರೆ ವೇಗದ ತಿರುವಿನಲ್ಲಿ ಒಳಗಿನ ಹಿಂಚಕ್ರ ಎದ್ದಾಗ ಎದೆ ಝಲ್ಲೆಂದಿತು. ಮುಂದೆ ಎರಡು, ಹಿಂದೆ ಒಂದು ಚಕ್ರದ ಟ್ಯಾಡ್‌ಪೋಲೇ ಸರಿ ಅಂದುಕೊಂಡೆ. ದುಬಾರಿ ಮಾದರಿಯ ಮೂರನೇ ಒಂದು ಪಾಲಿಗೆ ಬಳಸಿದ ಗಾಡಿ ಸಿಕ್ಕಿತು: ಉಕ್ಕಿನ ಫ್ರೇಮು, ಡೈರೆಕ್ಟ್ ಸ್ಟಿಯರಿಂಗ್ (ಹಿಡಿ ನೇರವಾಗಿ ಮುಂಚಕ್ರಗಳನ್ನೇ ತಿರುಗಿಸುತ್ತದೆ), ಮೂರೂ 406 ಅಳತೆಯ (20 ಇಂಚಿನ) ಚಕ್ರ, ತೂಕ 19-20 ಕೆ.ಜಿ. ತೂಕಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕಿಂಗ್‌ಪಿನ್ (ಮುಂಚಕ್ರ ಎಡಬಲಕ್ಕೆ ತಿರುಗುವ ಕೀಲು) ಅಲ್ಲಾಡುತ್ತದೆಯೇ, ಬೂಮ್ (ಪೆಡಲ್ ಹೊತ್ತ ಮುಂದಿನ ಕೊಳವೆ) ನನ್ನ ಕಾಲಿಗೆ ಸಾಲುತ್ತದೆಯೇ, ಇಷ್ಟೇ ನೋಡಿದ್ದು.

ಮುಂಚಕ್ರಗಳ ಟಯರ್ ಜೋಡಿ 300 ಕಿ.ಮೀ.ಗೇ ಸವೆದು ನೂಲು ಕಾಣಿಸಿತು. ಟಯರೇ ಕಳಪೆ ಅಂತ ದುಬಾರಿ ಜೋಡಿ ತಂದೆ. ಅದು 500ಕ್ಕೆ ಮುಗಿಯಿತು. ಎರಡು ಜೋಡಿಗೆ ಸುರಿದ ದುಡ್ಡು ಗಾಡಿಯ ಬೆಲೆಯ ಐದನೇ ಒಂದರಷ್ಟು! ಮಾರಿದವರು "ಎಲ್ಲ ಹೊಂದಿಸಿಯೇ ಕೊಟ್ಟಿದ್ದೇವೆ" ಅಂದದ್ದನ್ನು ನಂಬಿದ್ದೆ. ಅಳೆದು ನೋಡಿದರೆ ಎರಡು ಮುಂಚಕ್ರಗಳ ರಿಮ್‌ಗಳ ನಡುವಿನ ಅಂತರ ಚಕ್ರದ ಹಿಂಬದಿಗಿಂತ ಮುಂಬದಿಯಲ್ಲಿ 6 ಮಿ.ಮೀ. ಜಾಸ್ತಿ. ಚಕ್ರಗಳು ಹೊರಮುಖವಾಗಿದ್ದು ಟಯರನ್ನು ರಸ್ತೆಗೆ ಉಜ್ಜುತ್ತಿದ್ದವು.

ಎರಡು ಮುಂಚಕ್ರಗಳನ್ನು ಜೋಡಿಸುವ ರಾಡ್ ತಿರುಗಿಸಿ 2 ಮಿ.ಮೀ. ಟೋ-ಇನ್‌ಗೆ ತಂದೆ, ಅಂದರೆ ಮುಂಬದಿಯ ಅಂತರ ಹಿಂಬದಿಗಿಂತ ಅಷ್ಟು ಕಡಿಮೆ. ಆದರೂ ಟಯರಿನ ಸರಸರ ಸದ್ದು ಹೋಗಲಿಲ್ಲ. ಖಾಲಿ ಗಾಡಿಯಲ್ಲಿ ಅಳೆದದ್ದೇ ತಪ್ಪು. ಭಾರ ಬಿದ್ದ ಕೂಡಲೇ ಚಕ್ರಗಳು ಹೊರಕ್ಕೆ ತಿರುಗುತ್ತಿದ್ದವು. ಆಮೇಲೆ ನಾನು ಸೀಟಿನಲ್ಲಿ ಕೂತು ಇನ್ನೊಬ್ಬರ ಕೈಯಲ್ಲಿ ಅಳೆಸಿದೆ. ರಿಮ್‌ಗೆ ಸೀಮೆಸುಣ್ಣದ ಗುರುತು ಹಾಕಿ, ಅದು ಮುಂದಿದ್ದಾಗ ಒಮ್ಮೆ, ಚಕ್ರ ಅರ್ಧ ಸುತ್ತಿ ಹಿಂದೆ ಬಂದಾಗ ಒಮ್ಮೆ, ಎರಡೂ ಸಲ ಆಕ್ಸಲ್ ಎತ್ತರದಲ್ಲೇ ಅಳೆಯಬೇಕು. ಇಲ್ಲದಿದ್ದರೆ ರಿಮ್ಮಿನ ಓರೆಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಪ್ರತಿ ಸಲವೂ ಗಾಡಿಯನ್ನು ಎರಡು ಮೀಟರ್ ಉರುಳಿಸಿ ಮತ್ತೆ ಅಳೆಯಿರಿ. ನನ್ನದು ಒಂದೂವರೆಯಿಂದ 2 ಮಿ.ಮೀ. ಟೋ-ಇನ್‌ಗೆ ನಿಂತಿತು. ಸದ್ದು ಅಲ್ಲಿಗೆ ಮಾಯ.

ಬೂಮ್ ಗಿಡ್ಡ ಇಟ್ಟು ಮೊದಲ ವಾರ ಎಡ ಮೊಣಕಾಲು ನೋಯಿಸಿಕೊಂಡೆ. 4 ಸೆಂ.ಮೀ. ಹೊರಗೆಳೆದೆ, ಚೈನು 8 ಸೆಂ.ಮೀ. ಬೇಕಾಗುತ್ತದೆ ಅನ್ನುವುದನ್ನೇ ಮರೆತು ದೊಡ್ಡ ಗೇರಿಗೆ ಹಾಕಿದ್ದಕ್ಕೆ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮುರಿಯುವುದೊಂದು ಬಾಕಿ. ಕಾಲ್ಬೆರಳು ಜೋಮು ಹಿಡಿಯುತ್ತಿದ್ದದ್ದು ಕ್ಲೀಟ್‌ಗಳನ್ನು (ಶೂ ಅಡಿಯಲ್ಲಿದ್ದು ಪೆಡಲ್‌ಗೆ ಕಚ್ಚುವ ತುಣುಕು) ಹಿಮ್ಮಡಿಯ ಕಡೆಗೆ ಸರಿಸಿದ ಮೇಲೆ ನಿಂತಿತು. ಕ್ಲೀಟ್ ಇಲ್ಲದವರು ಪಟ್ಟಿಯನ್ನಾದರೂ ಕಟ್ಟಿ. ಓಡುವಾಗ ಪಾದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಕಾಲನ್ನೇ ಅಡಿಗೆ ಎಳೆದುಕೊಳ್ಳುತ್ತದೆ.

ನಡುವೆ 170 ಮಿ.ಮೀ. ಕ್ರ್ಯಾಂಕ್ (ಪೆಡಲ್ ಸಿಕ್ಕಿಸುವ ತೋಳು) ತೆಗೆದು 155 ಹಾಕಿ ನೋಡಿದೆ. ಮೊಣಕಾಲಿಗೆ ಬಹಳ ಹಿತ, ತುಳಿತ ನಿಮಿಷಕ್ಕೆ 85ರ ಹತ್ತಿರ ತಾನಾಗಿ ಬಂತು. ಏರಿನಲ್ಲಿ ಮಾತ್ರ ಇನ್ನೂ ಚಿಕ್ಕ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) ಬೇಕಾಯಿತು, ಅದಕ್ಕೆ ಮತ್ತೆ ಖರ್ಚು. ಎರಡೂ ಬ್ರೇಕು ಸಮವಾಗಿ ಹಿಡಿಯುವಂತೆ ಕೇಬಲ್ ಹೊಂದಿಸಲು ನನ್ನದೇ ಒಂದು ಕ್ರಮ ಇದೆ. ಮಳೆಯಲ್ಲೂ ಪರೀಕ್ಷಿಸಿದ ಮೇಲೆ ಅದನ್ನು ಹೇಳುತ್ತೇನೆ.

ಮೂರನೇ ಟಯರ್ ಜೋಡಿ 2,200 ಕಿ.ಮೀ. ದಾಟಿದೆ, ಗೀರು ಇನ್ನೂ ಚೆನ್ನಾಗಿದೆ. ಮೂಲೆ ಸೇರುತ್ತೆ ಅಂದವರಲ್ಲಿ ಒಬ್ಬರು ಮೊನ್ನೆ ತಮ್ಮ ದುಬಾರಿ ಗಾಡಿ ತಂದು ಅಳೆಸಿಕೊಂಡರು. ಅದರಲ್ಲೂ ಮುಂದಿನ ಅಂತರ 4 ಮಿ.ಮೀ. ಜಾಸ್ತಿಯೇ ಇತ್ತು.