ಡುಬ್ಬ ಬರಲಿಲ್ಲ, ಮೊಟ್ಟೆ ಬಂತು

ಮೈಸೂರಿನ ನಮ್ಮ ಮನೆಗೆ ಆ ಫ್ಲವರ್‌ಹಾರ್ನ್ ಮೀನನ್ನು ತಂದಾಗ ಅದು ಎರಡು ಇಂಚಿನ ಮರಿ. ಬೆಲೆ 1,800 ರೂಪಾಯಿ. ಅಂಗಡಿಯವರು ಅದರ ತಂದೆಮೀನಿನ ಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸಿದ್ದರು. ಕೆಂಡದ ಬಣ್ಣದ ಮೈ, ಅದರ ತುಂಬ ಮುತ್ತು ಚೆಲ್ಲಿದಂಥ ಚುಕ್ಕೆಗಳು, ಹಣೆಯ ಮೇಲೆ ನಿಂಬೆಹಣ್ಣಿಗಿಂತ ದೊಡ್ಡ ಡುಬ್ಬ. ‘ಗಂಡುಮರಿ ಸಾರ್, ಆರು ತಿಂಗಳಲ್ಲಿ ತಲೆ ಬರುತ್ತದೆ’ ಎಂದರು. ತಲೆ ಎಂದರೆ ಅವರ ಭಾಷೆಯಲ್ಲಿ ಆ ಡುಬ್ಬ. ಹನ್ನೊಂದು ವರ್ಷದಿಂದ ಮೀನು ಸಾಕುತ್ತಿರುವವನು ನಾನು. ಅಷ್ಟು ಸಣ್ಣ ಮರಿ ಗಂಡೋ ಹೆಣ್ಣೋ ಎಂದು ಖಚಿತವಾಗಿ ಹೇಳಲು ಬಾರದು ಎಂಬುದು ಗೊತ್ತಿದ್ದೂ ಆ ಚಿತ್ರಕ್ಕೆ ಮನಸೋತೆ.

ಒಂಬತ್ತು ತಿಂಗಳಾಯಿತು. ಮೀನು ಏಳು ಇಂಚು ಬೆಳೆಯಿತು. ಹಣೆ ಚಪ್ಪಟೆಯಾಗಿಯೇ ಉಳಿಯಿತು. ಮರಿಯಲ್ಲಿದ್ದ ಕೆಂಪು ಮಾಸಿ, ಬೂದಿಗೆ ಇಟ್ಟಿಗೆಯ ಪುಡಿ ಬೆರೆಸಿದಂಥ ಬಣ್ಣವಾಯಿತು. ಊರಿನಿಂದ ಬಂದ ಚಿಕ್ಕಪ್ಪ ಗಾಜಿನ ಹತ್ತಿರ ಬಗ್ಗಿ ನೋಡಿ, ‘ಇದು ಜಿಲೇಬಿ ಮೀನಲ್ಲವೇನೋ?’ ಎಂದರು. ಅವರು ಮುಗ್ಧವಾಗಿ ಕೇಳಿದ್ದು. ಊಟಕ್ಕೆ ಬಳಸುವ ಜಿಲೇಬಿಯೂ (ತಿಲಾಪಿಯಾ) ಫ್ಲವರ್‌ಹಾರ್ನೂ ಸಿಕ್ಲಿಡ್ ಎಂಬ ಒಂದೇ ಮೀನು ಕುಟುಂಬದವೇ ಆದ್ದರಿಂದ ಅವರ ಕಣ್ಣು ತಪ್ಪಿಯೂ ಇರಲಿಲ್ಲ. ಆದರೂ ಆ ಮಾತು ಆ ದಿನವೆಲ್ಲ ಚುಚ್ಚಿತು.

ಮೀನನ್ನು ಇಟ್ಟುಕೊಳ್ಳುವುದೋ ಬೇಡವೋ ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ಸಿಟ್ಟಿನಲ್ಲಿ ತೀರ್ಮಾನ ಬೇಡವೆಂದು ಒಂದು ತಿಂಗಳ ಗಡುವು ಹಾಕಿಕೊಂಡೆ. ಕೊರತೆ ಮೀನಿನದೋ ನನ್ನ ಸಾಕಣೆಯದೋ ಎಂದು ಮೊದಲು ತಿಳಿಯಬೇಕಿತ್ತು. ನೀರು ಪರೀಕ್ಷಿಸಿದಾಗ ಅಮೋನಿಯಾ ಸೊನ್ನೆ ಇತ್ತು, ನೈಟ್ರೇಟ್ ಮಾತ್ರ 80 ಪಿಪಿಎಂ ದಾಟಿತ್ತು. 40ರ ಒಳಗಿರಬೇಕು ಎಂದು ನಾನೇ ಬೇರೆಯವರಿಗೆ ಹೇಳುತ್ತಿದ್ದೆ. ಡಿಸೆಂಬರ್ ರಾತ್ರಿಗಳಲ್ಲಿ ನೀರಿನ ಶಾಖ 21 ಡಿಗ್ರಿಗೆ ಇಳಿಯುತ್ತಿತ್ತು. ಈ ಮೀನಿಗೆ 27ರಿಂದ 30 ಬೇಕು. ಹೀಟರ್ ಹಾಕಿದೆ. ವಾರಕ್ಕೊಮ್ಮೆ ಬದಲಿಸುತ್ತಿದ್ದ ಕಾಲು ಭಾಗ ನೀರನ್ನು ವಾರಕ್ಕೆ ಎರಡು ಸಲ, ಮೂರನೇ ಒಂದು ಭಾಗಕ್ಕೆ ಏರಿಸಿದೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಎಂದಿನಂತೆ ಔಷಧಿ ಹಾಕಿದೆ. ಮೂರೇ ವಾರಗಳಲ್ಲಿ ಕಿವಿರಿನ ಸುತ್ತ ಸ್ವಲ್ಪ ಕೆಂಪು ಮರಳಿತು. ಅಂದರೆ ಮಾಸಿದ ಬಣ್ಣದಲ್ಲಿ ನನ್ನ ಪಾಲೂ ಇತ್ತು. ಹಣೆ ಮಾತ್ರ ಬದಲಾಗಲಿಲ್ಲ.

ಮರಿ ಕೊಳ್ಳುವವರಿಗೆ ಇಲ್ಲೊಂದು ಮಾತು ಹೇಳಬೇಕು. ಬೇಗ ಕೆಂಪೇರಲಿ, ತಲೆ ಬರಲಿ ಎಂದು ಮರಿಗಳಿಗೆ ಗಂಡು ಹಾರ್ಮೋನ್ ಬೆರೆಸಿದ ಆಹಾರ ಹಾಕುವ ಪದ್ಧತಿ ಈ ವ್ಯಾಪಾರದಲ್ಲಿದೆ. ಹಾಕುವುದನ್ನು ನಿಲ್ಲಿಸಿದ ಮೇಲೆ ಆ ಬಣ್ಣ ಇಳಿಯುತ್ತದೆ. ನನ್ನ ಮರಿಗೆ ಹಾಗಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಎರಡು ಇಂಚಿಗೇ ಹೊಳೆಯುವ ಕೆಂಪನ್ನು ನೋಡಿ ಹಣ ಕೊಡಬೇಡಿ.

ಗಡುವಿನ ಕೊನೆಯ ವಾರ ಒಂದು ಬೆಳಿಗ್ಗೆ ತೊಟ್ಟಿಯ ಮೂಲೆಯಲ್ಲಿ ಒರಗಿಸಿಟ್ಟಿದ್ದ ಹಂಚಿನ ಮೇಲೆ ಸಾಲುಸಾಲಾಗಿ ಮೊಟ್ಟೆಗಳು ಅಂಟಿದ್ದವು. ಸಾಸಿವೆಗಿಂತ ತುಸು ದೊಡ್ಡವು, ಜೇನಿನ ಬಣ್ಣದವು. ಬೆನ್ನಿನ ಈಜುರೆಕ್ಕೆಯ ನಡುವೆ ಇದ್ದ ಕಪ್ಪು ಮಚ್ಚೆ ಹೆಣ್ಣಿನ ಗುರುತು ಎಂದು ಹಲವರು ಹೇಳುವುದನ್ನು ಕೇಳಿದ್ದೆ. ನನ್ನ ಮೀನಿನಲ್ಲಿ ಅದು ಕಾಣುತ್ತಿದ್ದರೂ ಗಮನಿಸದಂತೆ ಇದ್ದೆ. ಈಗ ಅನುಮಾನವೇ ಉಳಿಯಲಿಲ್ಲ. ಹೆಣ್ಣಿಗೆ ಆ ಗಾತ್ರದ ಡುಬ್ಬ ಸಾಮಾನ್ಯವಾಗಿ ಬರುವುದಿಲ್ಲ. ಅವಳಲ್ಲಿ ಯಾವ ಕೊರತೆಯೂ ಇರಲಿಲ್ಲ.

ಗಂಡಿಲ್ಲದೆ ಇಟ್ಟ ಮೊಟ್ಟೆ ಮರಿಯಾಗುವುದಿಲ್ಲ. ಎರಡನೆಯ ದಿನಕ್ಕೇ ಒಂದೊಂದಾಗಿ ಬಿಳಿಚಿ ಬೂಷ್ಟು ಹಿಡಿಯತೊಡಗಿದವು. ಅವಳು ಹಂಚಿನ ಎದುರು ಓರೆಯಾಗಿ ನಿಂತು ಪಕ್ಕದ ರೆಕ್ಕೆಯಿಂದ ನೀರು ಬೀಸುತ್ತಲೇ ಇದ್ದಳು. ಬಿಳಿಚಿದ್ದನ್ನು ಬಾಯಿಂದ ಆರಿಸಿ ತೆಗೆಯುತ್ತಿದ್ದಳು, ಮತ್ತೆ ಬಂದು ಬೀಸುತ್ತಿದ್ದಳು. ಕಾಳು ಹಾಕಿದರೆ ಮೇಲೆ ಬರಲಿಲ್ಲ. ಅಷ್ಟು ತಿಂಗಳಲ್ಲಿ ನಾನು ಆ ತೊಟ್ಟಿಯ ಮುಂದೆ ಅಷ್ಟು ಹೊತ್ತು ಕುಳಿತದ್ದು ಅಂದೇ.

ಆದರೂ ಕರುಣೆಯೊಂದರಿಂದಲೇ ತೀರ್ಮಾನಿಸಲು ಆಗದು. ಫ್ಲವರ್‌ಹಾರ್ನ್ ಅಡಿಯಷ್ಟು ಉದ್ದ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕುತ್ತದೆ. ಬೇರೆ ಮೀನುಗಳ ಜೊತೆ ಹೊಂದಿಕೊಳ್ಳುವುದಿಲ್ಲ. ನನ್ನ ಮೂರು ಅಡಿಯ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 150 ಲೀಟರ್. ಅವಳಿಗೆ ಮುಂದೆ ಅದು ಸಾಲುವುದಿಲ್ಲ. ಅಂಗಡಿಯವರನ್ನು ಕೇಳಿದೆ. ವಾಪಸು ತಂದುಬಿಡಿ, ಹಣ ಕೊಡಲಾಗದು ಎಂದರು. ತಲೆಯಿಲ್ಲದ ಹೆಣ್ಣುಮೀನನ್ನು ಕೊಳ್ಳಲು ಯಾರೂ ಬರುವುದಿಲ್ಲ ಎಂದು ಅವರೇ ಹೇಳಿದ ಮೇಲೆ, ಅಲ್ಲಿ ಬಿಟ್ಟರೆ ಅವಳ ಗತಿ ಏನೆಂದು ಊಹಿಸಲು ಕಷ್ಟವಿರಲಿಲ್ಲ. ತಳಿ ಬೆಳೆಸುವವರು ಬೇಡದ ಮರಿಗಳನ್ನು ಕೊಲ್ಲುತ್ತಾರೆ. ಅದು ಅವರ ಕಸುಬಿನ ಲೆಕ್ಕ. ಆರೋಗ್ಯವಾಗಿರುವ ಒಂದು ಮೀನಿಗೆ ನಾನು ಹಾಗೆ ಮಾಡಲಾರೆ.

‘ಲಿಂಗಾಂಬುಧಿ ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತದೆ’ ಎಂದರು ಪಕ್ಕದ ಮನೆಯವರು. ಇದನ್ನು ಮಾತ್ರ ಯಾರೂ ಮಾಡಬಾರದು. ಫ್ಲವರ್‌ಹಾರ್ನ್ ಯಾವ ಹೊಳೆಯಲ್ಲೂ ಹುಟ್ಟಿದ ಜಾತಿಯಲ್ಲ. ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರೆಸಿ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮಾಡಿದ ತಳಿ. ಅಲ್ಲೂ ಸಿಂಗಪುರದಲ್ಲೂ ಇದರ ಹುಚ್ಚು ಇಳಿದಾಗ ಜನ ತಂದು ನೀರಿಗೆ ಬಿಟ್ಟರು, ಅದು ಅಲ್ಲಿನ ಮೀನುಗಳಿಗೆ ಕಂಟಕವಾಯಿತು. ನಮ್ಮಲ್ಲೂ ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು, ಮುಳ್ಳಿನಿಂದ ಬೆಸ್ತರ ಬಲೆ ಹರಿಯುತ್ತಿದೆ. ಇದೆಲ್ಲವನ್ನೂ ಅವರಿಗೆ ಕೂರಿಸಿಕೊಂಡು ಹೇಳಿದೆ.

ಕೊನೆಗೆ ನನ್ನನ್ನು ನಾನು ಕೇಳಿಕೊಂಡದ್ದು ಒಂದೇ: ಈ ಮೀನಿಗೆ ಎಂದೂ ಡುಬ್ಬ ಬರುವುದಿಲ್ಲ ಎಂದು ಗೊತ್ತಿದ್ದೂ, ಪ್ರತಿ ಭಾನುವಾರ ಬೆಳಿಗ್ಗೆ ಬಕೆಟ್ ಹಿಡಿದು ಬರುತ್ತೇನೆಯೇ? ಆ ತಿಂಗಳ ನಾಲ್ಕೂ ಭಾನುವಾರ ಬಂದಿದ್ದೆ. ಬಂದಾಗಲೆಲ್ಲ ಅವಳು ಗಾಜಿಗೆ ಮೂಗು ತಾಗಿಸಿ ನನ್ನ ಕೈಯ ಹಿಂದೆಯೇ ಸುಳಿಯುತ್ತಿದ್ದಳು. ನಾನು ಹರವಿದ ಜಲ್ಲಿಯನ್ನೆಲ್ಲ ಬಾಯಲ್ಲಿ ಕಚ್ಚಿ ಒಯ್ದು ಎಡಮೂಲೆಗೆ ಗುಡ್ಡೆ ಹಾಕುತ್ತಿದ್ದಳು. ನಾನು ಸರಿಮಾಡಿದರೆ ಸಂಜೆಯೊಳಗೆ ಮತ್ತೆ ಅಲ್ಲಿಗೇ.

ಇಟ್ಟುಕೊಂಡೆ. ಅದಕ್ಕೆ ಬೆಲೆಯೂ ಕೊಟ್ಟೆ. ನೀರುಗಿಡಗಳ ತೊಟ್ಟಿಗೆಂದು ಎರಡು ವರ್ಷದಿಂದ ಕಾದಿಟ್ಟಿದ್ದ ಜಾಗದಲ್ಲಿ ಈಗ ಅವಳ ನಾಲ್ಕು ಅಡಿಯ ತೊಟ್ಟಿ ಇದೆ. 250 ಲೀಟರ್ ನೀರಿನ ಭಾರಕ್ಕೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಬೇಕಾಯಿತು. ಹೀಟರಿನ ಗಾಜನ್ನು ಗುದ್ದಿ ಒಡೆಯುತ್ತಾಳೆಂದು ಅದಕ್ಕೊಂದು ಪ್ಲಾಸ್ಟಿಕ್ ಕವಚ. ಇನ್ನೊಂದು ಫ್ಲವರ್‌ಹಾರ್ನ್ ತರುವುದಿಲ್ಲ. ಎರಡನ್ನು ಸರಿಯಾಗಿ ಸಾಕುವಷ್ಟು ಜಾಗ ನಮ್ಮ ಮನೆಯಲ್ಲಿಲ್ಲ.

ಈಗಲೂ ಆಗಾಗ ಮೊಟ್ಟೆ ಇಡುತ್ತಾಳೆ. ಎರಡು ದಿನ ಹಂಚನ್ನು ಅವಳಿಗೇ ಬಿಡುತ್ತೇನೆ. ಕೊಳೆತ ಮೊಟ್ಟೆ ನೀರು ಕೆಡಿಸುವುದರಿಂದ ಮೂರನೆಯ ಬೆಳಿಗ್ಗೆ ತೆಗೆಯಲೇಬೇಕು. ಆಗ ಮಾತ್ರ ರಕ್ತ ಬರುವಂತೆ ಕಚ್ಚುತ್ತಾಳೆ. ಅದಕ್ಕಾಗಿ ತೊಟ್ಟಿಯ ಪಕ್ಕದ ಮೊಳೆಗೆ ಒಂದು ಜೊತೆ ದಪ್ಪ ರಬ್ಬರ್ ಕೈಗವಸು ನೇತುಹಾಕಿದ್ದೇನೆ.