ಬಾವಧನದ ನಮ್ಮ ಡಾಂಬರು ದಾರಿಗೆ ಸೀಲ್‌ಕೋಟ್ ಹಾಕಿದ ಬಗೆ

ಪುಣೆಯ ಬಾವಧನದಲ್ಲಿ ನಮ್ಮ ಮನೆ ಸ್ವಲ್ಪ ಏರಿನ ಮೇಲಿದೆ. ಗೇಟಿನಿಂದ ಪೋರ್ಚ್‌ವರೆಗೆ ಡಾಂಬರು ದಾರಿ, ಸುಮಾರು 50 ಚದರ ಮೀಟರ್. ಇಲ್ಲಿ ಹೆಚ್ಚಿನವರ ಅಂಗಳದಲ್ಲಿ ಪೇವರ್ ಬ್ಲಾಕ್ ಅಥವಾ ಕಾಂಕ್ರೀಟ್ ಇರುತ್ತದೆ. ಡಾಂಬರು ನೋಡಿಕೊಳ್ಳೋದು ಹೇಗೆ ಅಂತ ಕೇಳಿದರೆ "ಕಿತ್ತು ಬ್ಲಾಕ್ ಹಾಕಿಸಿಬಿಡಿ" ಅನ್ನುವವರೇ ಜಾಸ್ತಿ. ಹಾಗೆ ಕೀಳುವ ಅಗತ್ಯ ಖಂಡಿತ ಇಲ್ಲ. ಏರಿನಲ್ಲಿ ಡಾಂಬರು ಟೈರಿಗೆ ಒಳ್ಳೆ ಹಿಡಿತ ಕೊಡುತ್ತದೆ, ರಿಪೇರಿಯೂ ಸುಲಭ. ಬಿಸಿಲು ಮತ್ತು ನೀರಿನಿಂದ ಅದನ್ನು ಕಾಪಾಡಬೇಕು, ಅಷ್ಟೇ. ಅದಕ್ಕೆ ಮೇಲೆ ಬಳಿಯುವ ತೆಳ್ಳನೆಯ ಕಪ್ಪು ಪದರವೇ ಸೀಲ್‌ಕೋಟ್.

ಡಾಂಬರು ಹಾಳಾಗೋದು ಮೊದಲು ಬಿಸಿಲಿಗೆ. ಬಿಸಿಲು, ಗಾಳಿ ಸೇರಿ ಮೇಲಿನ ಬಿಟುಮೆನ್‌ನ, ಅಂದರೆ ಕಲ್ಲುಗಳನ್ನು ಹಿಡಿದಿಡುವ ಕಪ್ಪು ಅಂಟಿನ, ಜಿಗುಟು ಹೋಗುತ್ತದೆ. ಕಪ್ಪು ಹೋಗಿ ಬೂದು ಬಣ್ಣ ಬರುತ್ತದೆ, ಸಣ್ಣ ಕಲ್ಲುಗಳು ಬಿಡಿಸಿಕೊಂಡು ಚಪ್ಪಲಿ ಕೆಳಗೆ ಉರುಳುತ್ತವೆ. ಆಮೇಲೆ ಕೂದಲೆಳೆಯಷ್ಟು ಬಿರುಕು. ಜೂನ್‌ನಲ್ಲಿ ಮಳೆ ಶುರುವಾದರೆ ನೀರು ಅದರೊಳಗೆ ಇಳಿದು ಕೆಳಗಿನ ಮುರುಮನ್ನು (ಕಲ್ಲು ಬೆರೆತ ಗಟ್ಟಿ ಮಣ್ಣು) ಮೆತ್ತಗೆ ಮಾಡುತ್ತದೆ. ಪುಣೆಯ ಸುತ್ತ ಎಷ್ಟೋ ಕಡೆ ತಳದಲ್ಲಿ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಡಾಂಬರು ಅದರ ಜೊತೆ ಕುಣಿಯಬೇಕು!

ನಿಮ್ಮ ದಾರಿಗೆ ಕೋಟ್ ಬೇಕಾ ಅಂತ ತಿಳಿಯೋಕೆ ಒಂದು ಚೊಂಬು ನೀರು ಸಾಕು. ಒಣ ಡಾಂಬರಿನ ಮೇಲೆ ಸುರಿದು ನೋಡಿ. ನೀರು ಮೇಲೇ ಹರಿದು ಹೋದರೆ ಇನ್ನೂ ಬೇಡ. ನಿಂತಲ್ಲೇ ಹೀರಿಕೊಂಡು ಕಪ್ಪು ಕಲೆಯಾದರೆ ಹೊತ್ತು ಬಂದಿದೆ ಅಂತ. ಹೊಸದಾಗಿ ಹಾಕಿದ ಡಾಂಬರಾದರೆ ಆರು ತಿಂಗಳಾದರೂ ಸುಮ್ನೆ ಬಿಡಿ, ಅದರೊಳಗಿನ ಎಣ್ಣೆ ಅಂಶ ಆರಿ ಗಟ್ಟಿಯಾಗಬೇಕು.

ಸೀಲ್‌ಕೋಟ್‌ಗೆ ಒಂದು ಮಿತಿ ಇದೆ. ಅದು ಮೇಲಿನ ರಕ್ಷಣೆ, ಬುನಾದಿಗೆ ಔಷಧಿ ಅಲ್ಲ. ಪುಣೆಯಲ್ಲಿ ರಸ್ತೆ ಮಾತು ಬಂದರೆ ಎಲ್ಲರೂ ಜಂಗ್ಲಿ ಮಹಾರಾಜ ರಸ್ತೆಯ ಹೆಸರು ಹೇಳುತ್ತಾರೆ. 1976ರಲ್ಲಿ ರೆಕಾಂಡೋ ಅನ್ನುವ ಕಂಪನಿ 10 ವರ್ಷದ ಗ್ಯಾರಂಟಿ ಕೊಟ್ಟು ಮಾಡಿದ ರಸ್ತೆ, ದಶಕಗಟ್ಟಲೆ ಗುಂಡಿ ಬೀಳದೆ ಬಾಳಿತು. ಅಂಥ ಬಾಳಿಕೆ ಬರೋದು ಗಟ್ಟಿ ತಳದಿಂದ, ನೀರು ನಿಲ್ಲದ ವ್ಯವಸ್ಥೆಯಿಂದ. ನಿಮ್ಮ ದಾರಿಯಲ್ಲಿ ಜಾಲದ ಹಾಗೆ ಬಿರುಕು ಹರಡಿದ್ದರೆ, ಕಾಲಿಟ್ಟಾಗ ಅಲ್ಲಾಡಿದರೆ, ಅಷ್ಟು ಭಾಗವನ್ನು ಚೌಕಾಕಾರ ಕತ್ತರಿಸಿ ತೆಗೆದು ಖಡಿ ತುಂಬಿ ಹೊಸ ಡಾಂಬರು ಹಾಕಿಸಲೇಬೇಕು. ಗೇಟಿನ ಹತ್ತಿರ ನಾನೂ ಒಂದು ತುಂಡು ಹಾಗೆ ಮಾಡಿಸಿದೆ. ಪೋರ್ಚ್ ಮೇಲಿನ ನೀರಿನ ಪೈಪ್ ನೇರವಾಗಿ ಡಾಂಬರಿನ ಮೇಲೆ ಸುರಿಯುತ್ತಿತ್ತು, ಅದನ್ನು ಗಿಡಗಳ ಕಡೆ ತಿರುಗಿಸಿದೆ. ಅಂಚು ಒಡೆಯದಿರಲಿ ಅಂತ ಎರಡೂ ಬದಿಗೆ ಮುರುಮು ಹಾಕಿ ಕುಟ್ಟಿಸಿದೆ.

ಸಾಮಾನು ಕೊಳ್ಳುವಾಗ ಎಚ್ಚರ ಬೇಕು. ನಾನು ತಂದದ್ದು ನೀರಿನಲ್ಲಿ ಬೆರೆತ ಬಿಟುಮೆನ್ ಎಮಲ್ಷನ್, ನಿಧಾನವಾಗಿ ಗಟ್ಟಿಯಾಗುವ ಎಸ್‌ಎಸ್-1 ದರ್ಜೆ. ಡ್ರಮ್ ಮೇಲೆ ಐಎಸ್ 8887 ಅಂತ, ಅಂದರೆ ಇದಕ್ಕಿರುವ ಭಾರತೀಯ ಮಾನದಂಡದ ಸಂಖ್ಯೆ, ಬರೆದಿರುವುದನ್ನು ನೋಡಿ ಕೊಳ್ಳಿ. ಇದನ್ನು ಕಾಯಿಸುವ ಕೆಲಸವಿಲ್ಲ, ಹೊಗೆ ಇಲ್ಲ. ಕಲ್ಲಿದ್ದಲಿನಿಂದ ಬರುವ ಕೋಲ್‌ತಾರ್‌ನಿಂದ ಮಾಡಿದ ಕೋಟ್ ಮಾತ್ರ ಬೇಡವೇ ಬೇಡ. ಅದರಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಜಾಸ್ತಿ. ಅಮೆರಿಕದ ಆಸ್ಟಿನ್ ನಗರ 2006ರಲ್ಲಿ, ವಾಷಿಂಗ್ಟನ್ ರಾಜ್ಯ 2011ರಲ್ಲಿ ಅದನ್ನು ನಿಷೇಧಿಸಿದವು. ಮಕ್ಕಳು ಬರಿಗಾಲಲ್ಲಿ ಆಡುವ ಜಾಗ ಅಲ್ವಾ? ಸುಟ್ಟ ಎಂಜಿನ್ ಆಯಿಲ್ ಬಳಿದರೆ ಕಪ್ಪಗೆ ಹೊಳೆಯುತ್ತದೆ ಅಂತ ಹೇಳುವವರೂ ಇದ್ದಾರೆ. ಎಣ್ಣೆ ಡಾಂಬರನ್ನು ಕರಗಿಸುತ್ತದೆ. ಆ ಮಾತು ಕೇಳಬೇಡಿ.

ಕೆಲಸದಲ್ಲಿ ಮುಕ್ಕಾಲು ಪಾಲು ಬಳಿಯುವ ಮುಂಚಿನದು. ರಸ್ತೆ ಕೆಲಸ ಮಾಡಿ ಪಳಗಿದ ಒಬ್ಬ ಮುಕಾದಮ (ಕೂಲಿಯವರ ಮೇಸ್ತ್ರಿ) ಸಹಾಯಕ್ಕೆ ಬಂದಿದ್ದರು, ಯಾದಗಿರಿ ಕಡೆಯವರು. ನಾನು ಗುಡಿಸಿ ಮುಗಿಸಿದ ಜಾಗಕ್ಕೆ ಅಂಗೈ ಒತ್ತಿ ಎತ್ತಿ ತೋರಿಸಿದರು. ಕೈಗೆ ಬೂದಿಯಂಥ ಪುಡಿ ಹತ್ತಿತ್ತು. "ಅಕ್ಕಾರ, ಧೂಳಿನ ಮ್ಯಾಲ ಬಳದ್ರ ಅದು ಧೂಳಿಗೇ ಹಿಡೀತದ. ಕೆಳಗ ಏನೂ ಹತ್ತಂಗಿಲ್ಲ," ಅಂದರು. "ಹಾಗಾದರೆ ಇನ್ನೊಮ್ಮೆ ತೊಳೆಯೋಣ ಅಣ್ಣಾ" ಅಂದೆ. ತಂತಿ ಬ್ರಷ್‌ನಲ್ಲಿ ಉಜ್ಜಿ ಜೆಟ್ ಪೈಪಿನಿಂದ ತೊಳೆದೆವು. ಕಾರಿನಿಂದ ಎಣ್ಣೆ ಸೋರಿದ ಕಲೆಗಳಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕಬೇಕು, ಎಣ್ಣೆ ಇರುವಲ್ಲಿ ಕೋಟ್ ನಿಲ್ಲುವುದಿಲ್ಲ. ಬಿರುಕಿನ ಹುಲ್ಲನ್ನು ಬೇರು ಸಮೇತ ಖುರಪಿಯಿಂದ ಕಿತ್ತು, ಆಳವಾದ ಕಡೆ ತಳಕ್ಕೆ ಒಣ ಮರಳು ತುಂಬಿ, ಮೇಲೆ ಎಮಲ್ಷನ್, ಕ್ರಶ್ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), ಚಿಟಿಕೆ ಸಿಮೆಂಟ್ ಕಲಸಿದ ಮಿಶ್ರಣ ಒತ್ತಿದೆವು. ಅದು ಆರುತ್ತಾ ಸ್ವಲ್ಪ ತಗ್ಗುತ್ತದೆ. ಮರುದಿನ ನೋಡಿ ಇನ್ನೊಂದು ಸಲ ತುಂಬಬೇಕು.

ಕಾಲ ಫೆಬ್ರುವರಿಯೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಡಿಸೆಂಬರ್ ಬೆಳಿಗ್ಗೆ ಇಬ್ಬನಿ ಇರುತ್ತದೆ, ಏಪ್ರಿಲ್-ಮೇನಲ್ಲಿ ಸಂಜೆ ಹೇಳದೆ ಕೇಳದೆ ಗುಡುಗು ಮಳೆ ಬರುತ್ತದೆ. ಹಸಿ ಕೋಟ್ ಮೇಲೆ ಮಳೆ ಬಿದ್ದರೆ ಎಲ್ಲ ತೊಳೆದು ಚರಂಡಿಗೆ. ಗೋವಾ, ಮುಂಬೈನಲ್ಲಿ ಮಳೆ ಇನ್ನೂ ಜೋರು. ಅಲ್ಲಿಯವರಿಗಂತೂ ಮೇವರೆಗೆ ಕಾಯುವ ಧೈರ್ಯ ಬೇಡ.

ಬಳಿಯುವ ದಿನ ಗೋಡೆಯ ಅಂಚಿಗೆ ಟೇಪ್ ಅಂಟಿಸಿ, ನೆಲ ಬೆಚ್ಚಗಾದ ಮೇಲೆ ನೀರು ಚಿಮುಕಿಸಿದೆವು. ನೀರು ನಿಲ್ಲಬಾರದು, ತೇವ ಆದರೆ ಸಾಕು. ಡ್ರಮ್ ಚೆನ್ನಾಗಿ ಉರುಳಿಸಿಯೇ ಮುಚ್ಚಳ ತೆಗೆಯಬೇಕು, ಇಲ್ಲದಿದ್ದರೆ ಗಟ್ಟಿ ಭಾಗ ತಳದಲ್ಲೇ ಉಳಿಯುತ್ತದೆ. ಪೋರ್ಚ್ ಕಡೆಯಿಂದ ಶುರು ಮಾಡಿ ಗೇಟಿನತ್ತ ಹಿಂದೆ ಹಿಂದೆ ಸರಿಯುತ್ತಾ ರಬ್ಬರ್ ವೈಪರ್‌ನಿಂದ ಎಳೆದೆವು. ಚದರ ಮೀಟರಿಗೆ ಸುಮಾರು ಅರ್ಧ ಲೀಟರ್ ಲೆಕ್ಕ. ಹಾಕಿದಾಗ ಎಮಲ್ಷನ್ ಕಂದು ಬಣ್ಣ. ನಿಂತು ನೋಡುತ್ತಿದ್ದರೆ ಅಂಚಿನಿಂದ ಕಪ್ಪು ಹರಡುತ್ತಾ ಒಳಗೆ ಬರುತ್ತದೆ. ನೀರು ಬೇರೆಯಾಗಿ ಬಿಟುಮೆನ್ ನೆಲ ಹಿಡಿಯುವ ಗಳಿಗೆ ಅದು. ಎಷ್ಟು ನೋಡಿದರೂ ನನಗೆ ಬೇಸರವಿಲ್ಲ. ಕಂದು ಒಂದಿಷ್ಟೂ ಉಳಿಯದ ಮೇಲೆ, ಬೆರಳಿಗೆ ಅಂಟದಿದ್ದರೆ, ಎರಡನೇ ಕೋಟ್. ಅದು ಹಸಿ ಇರುವಾಗಲೇ ಜರಡಿ ಹಿಡಿದ ಕ್ರಶ್ ಸ್ಯಾಂಡ್ ತೆಳ್ಳಗೆ ಉದುರಿಸಿದೆವು. ನಮ್ಮದು ಏರು, ಮಳೆಯಲ್ಲಿ ಸ್ಕೂಟರ್ ಜಾರಬಾರದು. ದಪ್ಪಗೆ ಒಂದೇ ಸಲ ಬಳಿದು ಮುಗಿಸುವ ಆಸೆ ಬೇಡ. ಮೇಲೆ ಒಣಗಿ ಒಳಗೆ ಹಸಿ ಉಳಿದು ಪದರ ಪದರವಾಗಿ ಏಳುತ್ತದೆ.

ಕೈಕಾಲಿಗೆ ಹತ್ತಿದ್ದು ಕೊಬ್ಬರಿ ಎಣ್ಣೆಯಲ್ಲಿ ಹೋಗುತ್ತದೆ, ಬಟ್ಟೆಗೆ ಹತ್ತಿದ್ದು ಹೋಗಲ್ಲ.

ಎರಡು ದಿನ ವಾಹನ ಒಳಗೆ ಬಿಡಬೇಡಿ. ಮೊದಲ ಬೇಸಿಗೆಯಲ್ಲಿ ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಟೈರು ಕೋಟನ್ನು ಕಿತ್ತುಕೊಳ್ಳುತ್ತದೆ, ಸ್ವಲ್ಪ ಉರುಳುತ್ತಾ ತಿರುಗಿಸಿ. ಮಧ್ಯಾಹ್ನದ ಬಿಸಿಲಿಗೆ ಸ್ಕೂಟರಿನ ಸ್ಟ್ಯಾಂಡ್ ಡಾಂಬರೊಳಗೆ ಇಳಿಯುತ್ತದೆ, ಅದರ ಕೆಳಗೆ ಒಂದು ಹಲಗೆ ತುಂಡು ಇಡಿ. ಪ್ರತಿ ವರ್ಷ ಬಳಿಯೋದು ಬೇಡ, ಪದರ ಜಾಸ್ತಿಯಾದರೆ ತಾನೇ ಬಿರಿಯುತ್ತದೆ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಬಿರುಕು ಮಾತ್ರ ತುಂಬಿಸಿಕೊಳ್ಳಿ. ಉಳಿದ ಎಮಲ್ಷನ್ ಕೆಡದೆ ಇದ್ದರೆ ಅದಕ್ಕೆ ಬೇಕಾಗುತ್ತದೆ. ಚರಂಡಿಗೆ ಚೆಲ್ಲದೆ ಮುಚ್ಚಳ ಬಿಗಿಮಾಡಿ ನೆರಳಿನಲ್ಲಿ ಇಟ್ಟುಕೊಳ್ಳಿ.