ದೇವರು ತಿದ್ದುವಾಗ ಅದಕ್ಕೆ ಒಳಪಡುವ ಬಗೆ

ಕರ್ತನು ತಾನು ಪ್ರೀತಿಸುವವರನ್ನೇ ಶಿಕ್ಷಿಸುತ್ತಾನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯವು ಜ್ಞಾನೋಕ್ತಿಗಳನ್ನು ಉದ್ಧರಿಸಿ ಹೇಳುತ್ತದೆ. ಈ ವಚನ ಅನೇಕ ವಿಶ್ವಾಸಿಗಳಿಗೆ ಬಾಯಿಪಾಠವಾಗಿದೆ. ಆದರೆ ನಮ್ಮ ತಪ್ಪನ್ನು ಒಬ್ಬರು ಮುಖಕ್ಕೆ ಹೇಳಿದ ದಿನ ಮಾಡಬೇಕಾದದ್ದೇನು? ಇದನ್ನು ಕಲಿಯಲು ಇಸ್ರಾಯೇಲಿನ ಅರಸರಾದ ಸೌಲ ಮತ್ತು ದಾವೀದರ ಚರಿತ್ರೆಯನ್ನು ಒಟ್ಟಿಗೆ ಓದಬೇಕು. ಇಬ್ಬರ ಬಳಿಗೂ ಪ್ರವಾದಿ ಬಂದನು, ಇಬ್ಬರೂ ಪಾಪಮಾಡಿದೆನೆಂದು ಒಪ್ಪಿಕೊಂಡರು. ಆದರೂ ಅವರ ಒಪ್ಪಿಗೆ ಒಂದೇ ಬಗೆಯದಾಗಿರಲಿಲ್ಲ.

ಮೊದಲು, ಬಂದಿರುವುದು ತಿದ್ದುಪಾಟೇ ಹೌದೋ ಎಂದು ವಿವೇಚಿಸಿರಿ. ಕಾಯಿಲೆ, ಸಾಲ, ಸಾವು ಬಂದಾಗಲೆಲ್ಲ ಮರೆಯಾದ ಪಾಪವನ್ನು ಹುಡುಕುವುದು ಯೋಬನ ಗೆಳೆಯರ ದಾರಿ, ಮತ್ತು ಆ ಗೆಳೆಯರ ಮೇಲೆಯೇ ದೇವರು ಕೋಪಗೊಂಡನು. ಹುಟ್ಟುಕುರುಡನ ವಿಷಯದಲ್ಲಿ ಪಾಪಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದು ಯೇಸು ಉತ್ತರಿಸಿದನು. ದೇವರು ಪಾಪವನ್ನು ಎತ್ತಿ ತೋರಿಸುವಾಗ ಸಾಮಾನ್ಯವಾಗಿ ನಿರ್ದಿಷ್ಟವಾದ ಒಂದು ಕೃತ್ಯವನ್ನೋ ಅಭ್ಯಾಸವನ್ನೋ ತೋರಿಸುತ್ತಾನೆ. ನನ್ನ ಹೃದಯವನ್ನು ಪರೀಕ್ಷಿಸು ಎಂದು ದೇವರನ್ನು ಬೇಡುವ 139ನೆಯ ಕೀರ್ತನೆಯ ಕೊನೆಯ ಎರಡು ವಚನಗಳನ್ನು ಪ್ರಾರ್ಥನೆಯಾಗಿ ಹೇಳಿ ಕಾದ ಮೇಲೂ ಯಾವುದೂ ಮನಸ್ಸಿಗೆ ಬಾರದಿದ್ದರೆ, ಹುಡುಕಾಟವನ್ನು ಅಲ್ಲಿಗೆ ನಿಲ್ಲಿಸುವುದು ಅವಿಶ್ವಾಸವಲ್ಲ. ದೇವರ ಶಿಸ್ತಿನ ಹೆಸರು ಹೇಳಿ ಮನೆಯಲ್ಲೋ ಸಭೆಯಲ್ಲೋ ಹೊಡೆಯುವುದನ್ನು, ಅವಮಾನಿಸುವುದನ್ನು ಸಹಿಸಿಕೊಂಡಿರುವುದು ವಿಧೇಯತೆಯೂ ಅಲ್ಲ. ಅಂಥ ಸ್ಥಿತಿಯಲ್ಲಿರುವವರು ನೆರವು ಕೇಳಲೇಬೇಕು.

ಕೃತ್ಯವು ಸ್ಪಷ್ಟವಾಗಿದ್ದರೆ ಸಮರ್ಥನೆಯನ್ನು ತಡೆಹಿಡಿಯುವುದೇ ಮುಂದಿನ ಕೆಲಸ, ಮತ್ತು ಎಲ್ಲಕ್ಕಿಂತ ಕಠಿಣವಾದ ಕೆಲಸ. ಅಮಾಲೇಕ್ಯರನ್ನು ಅವರ ಕುರಿದನಗಳ ಸಹಿತ ಪೂರ್ತಿ ನಾಶಮಾಡಬೇಕೆಂದು ಸೌಲನಿಗೆ ಅಪ್ಪಣೆಯಾಗಿತ್ತು. ಆ ಯುದ್ಧದ ನಂತರ ಪ್ರವಾದಿಯಾದ ಸಮುವೇಲನು ಎದುರಾದಾಗ, ದೇವರ ಅಪ್ಪಣೆಯನ್ನು ನೆರವೇರಿಸಿದ್ದೇನೆಂದು ಸೌಲನೇ ಮೊದಲು ಹೇಳಿದನು. ಕುರಿಗಳ ಕೂಗು ಕೇಳಿಸುತ್ತಿದೆಯಲ್ಲಾ ಎಂದು ಸಮುವೇಲನು ಕೇಳಿದಾಗ, ಜನರು ಅವನ್ನು ಯಜ್ಞಕ್ಕಾಗಿ ಉಳಿಸಿದರು ಎಂದನು. ಕಡೆಗೆ ಪಾಪವನ್ನು ಒಪ್ಪಿಕೊಂಡರೂ, ಹಿರಿಯರ ಮುಂದೆ ತನ್ನ ಮಾನ ಉಳಿಸಬೇಕೆಂದು ಅದೇ ಉಸಿರಿನಲ್ಲಿ ಬೇಡಿಕೊಂಡನು. ಸಭಾಪಾಲಕರೋ ಸಂಗಾತಿಯೋ ತಪ್ಪನ್ನು ಎತ್ತಿ ಹೇಳಿದಾಗ ನಮ್ಮ ಬಾಯಿಗೂ ಬಹುಮಟ್ಟಿಗೆ ಇದೇ ಕ್ರಮದಲ್ಲಿ ಮಾತು ಬರುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ವಾದಿಸದೆ, ಯೋಚಿಸಿ ಪ್ರಾರ್ಥಿಸುತ್ತೇನೆಂದಷ್ಟೇ ಹೇಳಿರಿ. ಅನಂತರ ಮಾಡಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ: ಬೇರೆ ಯಾರ ಹೆಸರೂ, "ಆದರೆ" ಎಂಬ ಮಾತೂ ಅದರಲ್ಲಿ ಇರಬಾರದು. ಹೇಳಿದವರ ಧಾಟಿ ಒರಟಾಗಿದ್ದರೂ ಹೇಳಿದ ವಿಷಯ ನಿಜವೇ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಿರಿ.

ದಾವೀದನ ಪಾಪವು ಸೌಲನದಕ್ಕಿಂತ ಹಗುರವೇನೂ ಆಗಿರಲಿಲ್ಲ. ಬತ್ಷೆಬೆಯನ್ನು ಕರೆಯಿಸಿಕೊಂಡು, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ್ದನು. ಪ್ರವಾದಿಯಾದ ನಾತಾನನು, ಬಡವನ ಒಂದೇ ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡ ಕಥೆ ಹೇಳಿ "ಆ ಮನುಷ್ಯನು ನೀನೇ" ಎಂದಾಗ, ದಾವೀದನು ಒಂದೇ ವಾಕ್ಯದಲ್ಲಿ ಪಾಪವನ್ನು ಒಪ್ಪಿಕೊಂಡನು, ಮಾನ ಉಳಿಸೆಂದು ಕೇಳಲಿಲ್ಲ. ಈ ಪ್ರಸಂಗದೊಡನೆ ಸೇರಿಬಂದಿರುವ 51ನೆಯ ಕೀರ್ತನೆಯನ್ನು ನಿಧಾನವಾಗಿ, ಗಟ್ಟಿಯಾಗಿ ಓದಿ ನಿಮ್ಮ ಅರಿಕೆಯನ್ನು ಅದರೊಳಗೆ ಸೇರಿಸಿಕೊಳ್ಳಬಹುದು.

ಅರಿಕೆಯ ನಂತರ ಆದ ನಷ್ಟವನ್ನು ತುಂಬಿಕೊಡಿರಿ. ಸುಂಕದವನಾದ ಜಕ್ಕಾಯನು, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಯೇಸುವಿಗೆ ಹೇಳಿದನು. ನಮ್ಮ ಪಾಲಿಗೆ ಅದು ಸುಳ್ಳು ಹಬ್ಬಿಸಿದ ಮನೆಗಳಿಗೇ ಹೋಗಿ ನಿಜ ಹೇಳುವುದಾಗಿರಬಹುದು. ಕ್ಷಮೆ ದೊರೆತರೂ ಕೆಲವು ಪರಿಣಾಮಗಳು ಉಳಿಯುತ್ತವೆ. ನಾತಾನನು ದಾವೀದನಿಗೆ ಕ್ಷಮೆಯನ್ನು ಸಾರಿದ ಸಂದರ್ಭದಲ್ಲಿಯೇ ಅವನ ಮನೆಯನ್ನು ಬಿಡದ ಕತ್ತಿಯನ್ನೂ, ಅಂದರೆ ಕುಟುಂಬದಲ್ಲಿ ನಡೆಯಲಿರುವ ರಕ್ತಪಾತವನ್ನೂ, ಮುಂತಿಳಿಸಿದನು. ಹೀಗಿರುವುದರಿಂದ, ನೀವು ನೋಯಿಸಿದವರು ಕೂಡಲೇ ನಿಮ್ಮನ್ನು ನಂಬಬೇಕೆಂದು ಒತ್ತಾಯಿಸಬೇಡಿರಿ.

ತಪ್ಪು ತೋರಿಸಿದವರನ್ನು ದೂರಮಾಡದಿರುವುದು ಕೊನೆಯ ಕೆಲಸ. ಯೆಹೂದದ ಅರಸನಾದ ಆಸನು ತನ್ನನ್ನು ಗದರಿಸಿದ ದರ್ಶಿಯಾದ (ಪ್ರವಾದಿಯಾದ) ಹನಾನಿಯನ್ನು ಸೆರೆಗೆ ಹಾಕಿಸಿದನು. ದಾವೀದನ ಅರಮನೆಯಲ್ಲಿಯಾದರೋ, ಅವನು ಮುದುಕನಾಗಿ ಹಾಸಿಗೆ ಹಿಡಿದಾಗಲೂ ಉತ್ತರಾಧಿಕಾರದ ವಿಷಯ ಹೇಳಲು ನಾತಾನನು ನೇರವಾಗಿ ಒಳಗೆ ಬರಬಹುದಾಗಿತ್ತು. ನಿಮಗೆ ತಪ್ಪು ತಿಳಿಸಿದವರನ್ನು ಕೆಲವು ವಾರಗಳ ನಂತರ ನೀವಾಗಿಯೇ ಭೇಟಿಮಾಡಿ, ಆ ವಿಷಯದಲ್ಲಿ ಈಗ ಏನು ಕಾಣುತ್ತಿದೆಯೆಂದು ಕೇಳಿರಿ.